ಕಂಬದ ಮೇಲಿನ ಗಾಜು

ಸಂಜೆ ನಾಲ್ಕಕ್ಕೆ ಭೂಕಂಪ ಎಂಬ ವಾಟ್ಸಾಪ್ ಸಂದೇಶ ನಂಬಿ ಮುಂಬಯಿಯ ಸಯನ್‌ನ ನಮ್ಮ ಬಿಲ್ಡಿಂಗ್‌ನವರೆಲ್ಲ ಕೆಳಗಿಳಿದಿದ್ದೆವು. ಏನೂ ಅಲುಗಲಿಲ್ಲ. ನಗುತ್ತ ಎಲ್ಲರೂ ಲಿಫ್ಟಿನತ್ತ ನಡೆದರು. ನಾನು ಮಾತ್ರ ಪಾರ್ಕಿಂಗ್‌ನ ಕಂಬದ ಹತ್ತಿರ ನಿಂತೆ.

ತೀರಿಕೊಳ್ಳುವ ಮುಂಚೆ ನನ್ನ ಗಂಡ ಆ ಕಂಬದ ಬಿರುಕಿನ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸಿದ್ದರು. ಬಿರುಕು ಬೆಳೆದರೆ ಗಾಜು ಒಡೆಯುತ್ತದೆ ಎನ್ನುತ್ತಿದ್ದರು. ಬಿಲ್ಡಿಂಗ್‌ನ ಸೆಕ್ರೆಟರಿ ನಕ್ಕು, ದೀಪಾವಳಿಗೆ ಗಾಜಿನ ಮೇಲೆಯೇ ಬಣ್ಣ ಹೊಡೆಸಿದ್ದರು.

ಉಗುರಿನಿಂದ ಬಣ್ಣ ಕೆರೆದೆ. ಗಾಜು ಎರಡು ತುಂಡಾಗಿತ್ತು!

"ನಿಲ್ಲಿ! ಇಲ್ಲಿ ನೋಡಿ!" ಎಂದು ಕೂಗಿದೆ. ಗಂಡ ತೀರಿಕೊಂಡ ಮೇಲೆ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

ಸೆಕ್ರೆಟರಿ ಬಗ್ಗಿ ಮುಟ್ಟಿ ನೋಡಿದರು. "ಅಕ್ಕಾ, ಭಾವ ಹೇಳಿದ್ದು ಸರಿ ಮಾರಾಯ್ರೆ. ನಾಳೆಯೇ ಇಂಜಿನಿಯರ್‌ನ ಕರೆಸುವ."

"ಅಲ್ಲಿವರೆಗೆ ಬಣ್ಣದ ಡಬ್ಬ ಮುಟ್ಬೇಡಿ," ಎಂದೆ.