ಹೇಝಲ್ ಬಾಯಿಂದ ನಾನು ಹೇಳಿಸಿದ ಮಾತು

ಅನಘಾ, ನಿನ್ನ ಸ್ವರ ಸರಿಯಿಲ್ಲವೆಂದು ಹೇಝಲ್ ಹೇಳಿದಳಲ್ಲ — ಅದನ್ನು ಅವಳ ಬಾಯಿಂದ ಹೇಳಿಸಿದವಳು ನಾನು. ನಿನ್ನ ಅಮ್ಮ.

ಲಂಡನ್ನಿನ ನಮ್ಮ ಎಜ್‌ವೇರ್ ಮನೆಯ ಮೇಲಿನ ರೂಮಿಗೆ ಅವಳು ಬಾಡಿಗೆಗೆ ಬಂದ ದಿನದಿಂದಲೇ ನನಗೆ ಅನುಮಾನ. ಅಮೆರಿಕದವಳು, ಒಂಟಿ ಹೆಂಗಸು, ಹೆಗಲಿಗೊಂದು ಗಿಟಾರು. ಯಾವ ಕಂಪನಿಯ ಗೊಡವೆಯೂ ಇಲ್ಲದೆ ತಾನೇ ಹಾಡು ಬರೆದು, ತಾನೇ ರೆಕಾರ್ಡ್ ಮಾಡಿ, ತಾನೇ ಮಾರುತ್ತಾಳಂತೆ — ಇದೂ ಒಂದು ಕೆಲಸವೇ ಎಂದು ನಿನ್ನ ಅಪ್ಪನ ಹತ್ತಿರ ಗೊಣಗಿದ್ದೆ. ಊರೂರಲ್ಲಿ ಬಾಡಿಗೆ ರೂಮು ಹಿಡಿದು, ಆಯಾ ಮನೆಯ ಸದ್ದನ್ನೂ ಹಾಡಿನೊಳಗೆ ಸೇರಿಸುವುದು ಅವಳ ರೀತಿ. ಒಂದು ಬೆಳಿಗ್ಗೆ ನನ್ನ ಕುಕ್ಕರಿನ ಮುಂದೆ ಮೈಕ್ ಹಿಡಿದು ನಿಂತಿದ್ದಳು! ಯಾರಿಗೆ ಬೇಕು ನಮ್ಮನೆ ಬೇಳೆ ಬೇಯುವ ಸದ್ದು? ಇವಳಿಗೆ ಬೇರೇನೋ ಬೇಕು ಅಂದುಕೊಂಡೆ.

ಆಮೇಲೆ ನೀನು ಮೇಲೆ ಹೋಗಲು ಶುರುಮಾಡಿದೆ. ಮೆಡಿಸಿನ್ ಸೀಟಿಗೆಂದು ಓದುತ್ತಿದ್ದ ಹುಡುಗಿ... ಬಾಗಿಲು ಮುಚ್ಚಿರುತ್ತಿತ್ತು. ಒಳಗೆ ನಗು, ನಾನು ಮೆಟ್ಟಿಲು ಹತ್ತಿದರೆ ಮೌನ. ನಿನ್ನ ಫೋನ್ ನೋಡಿದೆ, ಬ್ಯಾಗ್ ತಡಕಾಡಿದೆ — ಹೌದು, ಅದನ್ನೂ ಮಾಡಿದೆ. ಓದು ಬಿಡಿಸಿ ನಿನ್ನನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತಾಳೆಂದು ತಲೆಯಲ್ಲಿ ಕೂತುಬಿಟ್ಟಿತ್ತು.

ನೀನಿಲ್ಲದ ಒಂದು ಮಧ್ಯಾಹ್ನ ಅವಳನ್ನು ನಿಲ್ಲಿಸಿ ಕೇಳಿದೆ. ಅವಳೇನೂ ಮುಚ್ಚಿಡಲಿಲ್ಲ. ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟಳು.

ಆರತಿ ಹಾಡು. ಮೈಸೂರಿನ ನಿನ್ನ ಅಜ್ಜಿಯದು; ದನಿ ನಿನ್ನದು. ವರಮಹಾಲಕ್ಷ್ಮಿ ಹಬ್ಬಕ್ಕೆ ಬಂದ ಹೆಂಗಸರೆದುರು "ಒಂದು ಹಾಡು ಹೇಳೇ, ನನ್ನ ಮಾನ ಕಳೀಬೇಡ" ಎಂದು ಪ್ರತಿ ವರ್ಷ ನಾನು ಗೋಗರೆದರೂ ಬಾಯಿ ಬಿಡದವಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು — ಅಲ್ಲಿ ನೀನು ಪೂರ್ತಿ ಹಾಡಿದ್ದೆ. ಎಷ್ಟು ಚೆನ್ನಾಗಿತ್ತು ಕಣೇ! ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಉರಿಯಿತು. ನನಗೆ ಕೊಡದ್ದನ್ನು ಅವಳಿಗೆ ಕೊಟ್ಟೆಯಲ್ಲ ಎಂದು.

ತನ್ನ ರೆಕಾರ್ಡಿನ ಕೊನೆಗೆ ಅದನ್ನು ಸೇರಿಸುತ್ತೇನೆ ಎಂದಳು. ಹಬ್ಬದ ದಿನ ಅಮ್ಮನಿಗೆ ಕೇಳಿಸಬೇಕೆಂದು ನೀನೇ ಗುಟ್ಟಾಗಿಟ್ಟಿದ್ದೆ ಎಂದೂ ಹೇಳಿದಳು. ನಾನು ನಂಬಲಿಲ್ಲ.

"ಈಗಲೇ ಅಳಿಸು," ಎಂದೆ. "ನಿನ್ನ ಸ್ವರ ಸರಿಯಿಲ್ಲ, ನಿನಗೆ ಹಾಡೋಕೆ ಬರಲ್ಲ ಅಂತ ಅವಳಿಗೆ ನೀನೇ ಹೇಳು. ಇಲ್ಲದಿದ್ರೆ ಚಿಕ್ಕ ಹುಡುಗೀನ ರೂಮಲ್ಲಿ ಕೂಡಿಹಾಕ್ಕೋತಾಳೆ ಅಂತ ಮಕ್ಕಳ ರಕ್ಷಣೆ ನೋಡೋ ಕೌನ್ಸಿಲ್‌ಗೆ ದೂರು ಕೊಡ್ತೀನಿ."

ಸುಳ್ಳು ದೂರೆಂದು ನನಗೂ ಗೊತ್ತಿತ್ತು, ಅವಳಿಗೂ. ಅವಳು ನನ್ನೆದುರೇ ಅಳಿಸಿದಳು. ಸಂಜೆ ನಿನಗೆ ಹಾಗೆಯೇ ಹೇಳಿ, ಆ ವಾರವೇ ರೂಮು ಖಾಲಿ ಮಾಡಿದಳು. ನೀನು ಊಟ ಬಿಟ್ಟು ಪುಸ್ತಕ ತೆರೆದು ಕೂತೆ. ಗೆದ್ದೆ ಅಂದುಕೊಂಡೆ ನಾನು — ಪಾಪಿ.

ಅವಳ ರೆಕಾರ್ಡ್ ಬಂದಾಗ ಕದ್ದು ಕೇಳಿದೆ, ಎಲ್ಲಾದರೂ ನಿನ್ನ ದನಿ ಉಳಿಸಿಕೊಂಡು ಮೋಸ ಮಾಡಿದ್ದಾಳೋ ಎಂದು. ನನ್ನ ಕುಕ್ಕರ್ ಇತ್ತು. ನೀನಿರಲಿಲ್ಲ.

ಈಗ ನೀನು ಡಾಕ್ಟರ್. ಹೋದ ವಾರ, ಹೇಝಲ್ ಲಂಡನ್ನಿಗೆ ಹಾಡಲು ಬರುತ್ತಿದ್ದಾಳಂತೆ, ಹೋಗೋಣವಾ ಎಂದು ನಾನೇ ಕೇಳಿದೆ.

"ನೋ ಅಮ್ಮ. ಶೀ ಸೆಡ್ ಐ ಕಾಂಟ್ ಸಿಂಗ್."

ಆಗಲೂ ನಾನು ಚಪಾತಿ ಲಟ್ಟಿಸುತ್ತ ನಿಂತೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಿನಗೆ ಓದಲು ಬರುವುದಿಲ್ಲ. ಇದೂ ಬಚ್ಚಿಟ್ಟುಕೊಳ್ಳುವ ನನ್ನ ಬುದ್ಧಿಯೇ ಏನೋ... ಭಾನುವಾರ ನೀನು ಬಂದಾಗ, ತಟ್ಟೆ ಹಾಕುವ ಮೊದಲು, ನಿನ್ನೆದುರು ಕೂತು ನಾನೇ ಗಟ್ಟಿಯಾಗಿ ಓದುತ್ತೇನೆ. ಎದ್ದು ಹೋದರೆ ತಡೆಯುವುದಿಲ್ಲ.