ತಿಪ್ಪೇಸ್ವಾಮಿಯವರ ಡ್ರಾ

ಆಕ್ಲೆಂಡಿನ ಮೌಂಟ್ ರಾಸ್ಕಿಲ್ ಬಡಾವಣೆಯ ಕನ್ನಡದವರ ನಡುವೆ ತಿಪ್ಪೇಸ್ವಾಮಿಯವರಿಗೆ ಒಂದು ತೂಕ ಇದ್ದದ್ದು ಒಂದೇ ಕಾರಣಕ್ಕೆ: 1974ರಲ್ಲಿ ಬೆಂಗಳೂರಿನಲ್ಲಿ ಗ್ರ್ಯಾಂಡ್‌ಮಾಸ್ಟರ್ ಒಬ್ಬನ ಎದುರು ಚೆಸ್ ಆಡಿ ಡ್ರಾ ಮಾಡಿಕೊಂಡಿದ್ದರು. ಇಲ್ಲದಿದ್ದರೆ ಸ್ವಿಚ್‌ಬೋರ್ಡ್ ಕಾರ್ಖಾನೆಯ ಡ್ರಾಫ್ಟ್ಸ್‌ಮನ್ನನ್ನು ಯಾರು ಮೂಸಿ ನೋಡುತ್ತಾರೆ! ಶನಿವಾರ ಅವರ ಗ್ಯಾರೇಜಿನಲ್ಲಿ ಚೆಸ್ ಕಲಿಯುವ ಹನ್ನೆರಡು ಮಕ್ಕಳ ಅಪ್ಪ ಅಮ್ಮಂದಿರೆಲ್ಲ ಆ ಡ್ರಾ ನಂಬಿಕೊಂಡು ಬಂದವರೇ.

2005ರ ಮಾರ್ಚಿನಲ್ಲಿ ಆ ಗ್ರ್ಯಾಂಡ್‌ಮಾಸ್ಟರೇ ಆಕ್ಲೆಂಡಿಗೆ ಬಂದುಬಿಟ್ಟ. ಕ್ರೊಯೇಷಿಯಾದ ವಿಂಕೊ ಮರಾಶ್. ಊರಂಚಿನ ಹೆಂಡರ್ಸನ್ನಿನಲ್ಲಿ ದ್ರಾಕ್ಷಿ ಬೆಳೆಯುವ ತಂಗಿಯ ಮನೆಗೆ ಬಂದವನು, ಅಲ್ಲಿನ ಚೆಸ್ ಕ್ಲಬ್ಬಿನಲ್ಲಿ ಇಪ್ಪತ್ತು ಜನರ ಜೊತೆ ಒಟ್ಟಿಗೇ ಆಡುತ್ತಾನಂತೆ. ಶಿಷ್ಯೆಯೊಬ್ಬಳ ಅಪ್ಪ ವಿಶ್ವಾಸ್ ಕುಣಿದುಕೊಂಡು ಬಂದ.

"ಅಂಕಲ್, ಕ್ಲಬ್ಬಿಗೆ ಫೋನ್ ಮಾಡಿ ನಿಮ್ ಡ್ರಾ ವಿಷ್ಯ ಎಲ್ಲಾ ಹೇಳಿದೀನಿ. ನೀವಿಬ್ರೂ ನಿಂತ್ಕೊಂಡು ಒಂದು ಫೋಟೋ!"

ಆ ಆಟದಲ್ಲಿ ನಡೆದದ್ದು ತಿಪ್ಪೇಸ್ವಾಮಿಯವರಿಗಷ್ಟೇ ಗೊತ್ತು. ಮೂವತ್ತೈದನೇ ನಡೆ ಆದಮೇಲೆ ಮರಾಶ್ ಸುಮ್ಮನೆ ಕೈ ಚಾಚಿದ್ದ. ಇವರು ಗಡಬಡಿಸಿ ಎದ್ದು, ಎರಡೂ ಕೈಯಲ್ಲಿ ಆ ಕೈ ಹಿಡಿದು "ಡ್ರಾ, ಸರ್?" ಎಂದಿದ್ದರು. ಆತ ಒಂದು ಗಳಿಗೆ ನೋಡಿ ಹೂಂ ಎಂದು ತಲೆಯಾಡಿಸಿದ್ದ. ಹತ್ತೊಂಬತ್ತರ ಹುಡುಗನಿಗೆ ಹಾಕಿದ ಭಿಕ್ಷೆಯಲ್ಲದೆ ಮತ್ತೇನದು? ನಡೆಗಳನ್ನು ಬರೆದಿಟ್ಟ ಹಾಳೆ ಬಿಚ್ಚಿ ಮತ್ತೆ ಆಡಿನೋಡುವ ಧೈರ್ಯ ಅವರಿಗೆ ಇಂದಿಗೂ ಬಂದಿರಲಿಲ್ಲ. ಈಗ ಆತ ಎಲ್ಲರೆದುರು "ಪಾಪ ಅಂತ ಕೊಟ್ಟೆ" ಅಂದುಬಿಟ್ಟರೆ?

ಮೂರು ದಿನದಿಂದ ಗಂಡ ಅನ್ನ ಕಲಸಿ ಹಾಗೇ ಬಿಡುವುದನ್ನು ನೋಡಿ ವಿಜಯಾ ರೇಗಿದರು. "ಹೋಗ್ಲೇಬೇಡಿ. ಜ್ವರ ಅಂತ ಹೇಳ್ತೀನಿ."

"ಎಷ್ಟು ದಿನ ಅಂತ ಜ್ವರ ಬರಿಸ್ಕೊಳ್ಳೋದೇ?" ಎಂದು ಹಾಳೆಯನ್ನು ಜೇಬಿಗೆ ಹಾಕಿಕೊಂಡು ಹೊರಟರು.

ಕ್ಲಬ್ಬಿನ ಗೋಡೆಗೆ ದೊಡ್ಡ ಪೋಸ್ಟರ್ ಅಂಟಿಸಿದ್ದರು: '1974ರ ಭಾರತ ಪ್ರವಾಸ. ಇನ್ನೂರು ಆಟ, ಒಂದೂ ಸೋಲಿಲ್ಲ.' ಅದರ ಕೆಳಗೆ ಮರಾಶ್ ಕುಳಿತಿದ್ದ. ಮುದುಕನಾಗಿದ್ದ. ಸುತ್ತ ತಂಗಿ, ಅವಳ ಮಕ್ಕಳು, ಮೊಮ್ಮಕ್ಕಳು. ವಿಶ್ವಾಸ್ ಕ್ಯಾಮೆರಾ ಹಿಡಿದು ತಿಪ್ಪೇಸ್ವಾಮಿಯವರನ್ನು ಮುಂದಕ್ಕೆ ತಳ್ಳಿದ. ಅವರು ಹಾಳೆಯನ್ನು ಚಾಚಿದರು.

ಮುದುಕ ಬೆರಳಿಟ್ಟು ಒಂದೊಂದೇ ನಡೆ ಓದಿದ. ಮುಖ ಬಿಳಿಚಿಕೊಂಡಿತು. ತಿಪ್ಪೇಸ್ವಾಮಿಯವರ ಕೈ ಹಿಡಿದು ಹತ್ತಿರಕ್ಕೆಳೆದು ಇಂಗ್ಲಿಷಿನಲ್ಲಿ ಪಿಸುಗುಟ್ಟಿದ:

"ನಾನು ಕೈ ಚಾಚಿದ್ದು ಸೋತೆ ಅಂತ. ನೀನು ಡ್ರಾ ಅಂದೆ. ನಾನು ತಲೆಯಾಡಿಸಿ ಒಪ್ಪಿಕೊಂಡುಬಿಟ್ಟೆ. ನೀನು ಬರುತ್ತೀಯ ಅಂತ ಕ್ಲಬ್ಬಿನವರು ಹೇಳಿದಾಗಿನಿಂದ ನನಗೆ ನೆಮ್ಮದಿಯಿಲ್ಲ."

ಅಯ್ಯೋ ಶಿವನೇ, ಗೆದ್ದಿದ್ದೆನಾ! ಅಷ್ಟು ದೊಡ್ಡವನು ಸೋಲಬಹುದು ಎಂಬುದೇ ಆಗ ಹೊಳೆದಿರಲಿಲ್ಲ. ಮೂವತ್ತೊಂದು ವರ್ಷ ಸುಮ್ಮಸುಮ್ಮನೆ ಕೊರಗಿದೆನಲ್ಲ ಎಂದು ತಿಪ್ಪೇಸ್ವಾಮಿಯವರಿಗೆ ಸಿಟ್ಟು ಉಕ್ಕಿ ಬಂತು. ಹೇಳಿಯೇಬಿಡೋಣವೆಂದು ಬಾಯಿಯನ್ನೂ ತೆರೆದರು.

"ಏನಂತೆ ಅಂಕಲ್? ನೆನಪಿದ್ಯಂತಾ?" ಎಂದ ವಿಶ್ವಾಸ್.

ಮುದುಕನ ಕೈ ಇನ್ನೂ ಅವರ ಕೈಯಲ್ಲೇ ಇತ್ತು. ಆತ ತಂಗಿಯ ಮೊಮ್ಮಕ್ಕಳತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ.

"ಇದೆಯಂತಪ್ಪಾ. ಡ್ರಾನೇ," ಎಂದರು ತಿಪ್ಪೇಸ್ವಾಮಿ. ಇನ್ನೊಂದು ಕೈಯನ್ನೂ ಅದರ ಮೇಲಿಟ್ಟರು. "ಬೇಗ ಫೋಟೋ ತೆಗಿ."