ಚಾಚಾ ಕಿತ್ತೆಸೆದ ವೈರು

ಹೊಸ ಪೈಪು ಹಾಕಿಸಲು ಮೊನ್ನೆ ಹಿತ್ತಲಲ್ಲಿ ನೆಲ ಅಗೆಸಿದಾಗ ಒದ್ದೆ ಇದ್ದಿಲಿನ ವಾಸನೆ ಬಂತು. ಮಣ್ಣಿನೊಳಗೆ ಇದ್ದಿಲ ಚೂರುಗಳು, ಹಸಿರುಗಟ್ಟಿದ ಒಂದು ತಾಮ್ರದ ಪಟ್ಟಿ. "ಅದನ್ನ ಮುಟ್ಟಬ್ಯಾಡ್ರಿ, ಪೈಪ್ ಆ ಕಡಿಂದ ತಗೋರಿ" ಎಂದು ಕೆಲಸದವರಿಗೆ ಹೇಳಿದೆ. ಹೇಳುತ್ತಲೇ ಚಾಚಾ ನೆನಪಾದರು...

ಕಮತಗಿಯ ನಮ್ಮ ಓಣಿಯಲ್ಲಿ ವೈರಿಂಗ್ ಕೆಲಸವೆಲ್ಲ ಅವರದೇ. ಎಲ್ಲರಿಗೂ ಅವರು ಚಾಚಾ. ಕೊರೋನಾದಿಂದ ಶಾಲೆಗಳು ಮುಚ್ಚಿ, ಹತ್ತನೆಯ ತರಗತಿಯ ಮಕ್ಕಳಿಗೆ ನಾನು ಮನೆಯಿಂದಲೇ ಗಣಿತ ಕಲಿಸಬೇಕಾಗಿ ಬಂದಾಗ ಮಾಳಿಗೆಯ ಮೇಲೆ ಇಂಟರ್‌ನೆಟ್ಟಿನ ಡಿಶ್ ಕೂರಿಸಿದವರು ಅವರು. ಅಲ್ಲಿಂದ ನನ್ನ ಕೋಣೆಗೆ ವೈರು ಎಳೆದ ಮೇಲೂ ಹೊರಡಲಿಲ್ಲ. ಹಿತ್ತಲಲ್ಲಿ ಆಳವಾದ ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿ ತಾಮ್ರದ ಪಟ್ಟಿ ಹೂಳಿದರು. ವೈರು ಒಳಗೆ ಬರುವಲ್ಲಿ ಗೋಡೆಗೆ ಚಿಕ್ಕ ಡಬ್ಬಿಯೊಂದನ್ನು ಕೂರಿಸಿ ಆ ಪಟ್ಟಿಗೆ ಜೋಡಿಸಿದರು. ನನಗೋ ಪಾಠ ಶುರು ಮಾಡುವ ಅವಸರ.

"ಇಷ್ಟೆಲ್ಲಾ ಯಾಕ್ರಿ ಚಾಚಾ?"

"ಸಿಡ್ಲು ಬಾಜೂಕ ಎಲ್ಲೇ ಬಿದ್ರೂ ಈ ವೈರ್ ಹಿಡಕೊಂಡು ಒಳಗ ಬರ್ತೈತ್ರಿ ಅಕ್ಕಾರ. ಬಂದದ್ದನ್ನ ಈ ಡಬ್ಬಿ ನೆಲಕ್ಕ ಇಳಸ್ತೈತಿ. ಆದ್ರೂ ಪೂರಾ ನಂಬಬ್ಯಾಡ್ರಿ. ಗುಡುಗು ಕೇಳಿತಂದ್ರ ವೈರ್ ಕಿತ್ತು ದೂರ ಹೋಗಿಬಿಡ್ರಿ."

ಹೂಂ ಎಂದೆ. ಕಿವಿಗೆ ಹಾಕಿಕೊಂಡಿರಲಿಲ್ಲ.

ಪರೀಕ್ಷೆ ಹತ್ತಿರವಿದ್ದ ಒಂದು ಮಧ್ಯಾಹ್ನ. ಇಯರ್‌ಫೋನ್ ಸಿಕ್ಕಿಸಿಕೊಂಡು ಪ್ರಮೇಯವೊಂದನ್ನು ವಿವರಿಸುತ್ತಿದ್ದೆ. ದೂರದ ಗುಡುಗು ಕೇಳಿಸಲೇ ಇಲ್ಲ. ಚಾಚಾ ಚಪ್ಪಲಿ ಸಹ ಬಿಡದೆ ಒಳಗೆ ನುಗ್ಗಿದರು. ಕಂಪ್ಯೂಟರಿನಿಂದ ವೈರು ಕಿತ್ತು ನೆಲಕ್ಕೆಸೆದರು, ಪ್ಲಗ್ಗನ್ನೂ ಎಳೆದರು. ಮಕ್ಕಳ ಮುಖಗಳೆಲ್ಲ ಮಾಯವಾದವು.

"ಏನ್ ಮಾಡಾಕತ್ತೀರಿ ಚಾಚಾ? ಪಾಠ ನಡದೈತಿ! ಹೇಳದ ಕೇಳದ ಒಳಗ ಬರೋದಾ?"

"ಆಮ್ಯಾಲೆ ಬೈರಿ ಅಕ್ಕಾರ. ಮೊದ್ಲ ಪಡಸಾಲಿಗೆ ನಡೀರಿ."

ಸಿಟ್ಟಿನಲ್ಲೇ ಎದ್ದು ಬಂದೆ. ಇನ್ನೂ ಏನೋ ಅನ್ನುವವಳಿದ್ದೆ... ಕಣ್ಣು ಕುಕ್ಕುವ ಬೆಳಕು, ಅದರ ಬೆನ್ನಿಗೇ ಮನೆ ಅದುರುವ ಸದ್ದು. ಹಿತ್ತಲಾಚೆಯ ಬೇವಿನ ಮರ ಸೀಳಿತ್ತು.

ಮಳೆ ನಿಂತ ಮೇಲೆ ಕೋಣೆಗೆ ಹೋದರೆ, ಗೋಡೆಯ ಡಬ್ಬಿ ಕರಗಿ ಜೋತುಬಿದ್ದಿತ್ತು. ಕಿತ್ತೆಸೆದ ವೈರಿನ ತುದಿ ಸುಟ್ಟು ಕರ್ರಗಾಗಿತ್ತು. ನಾನು ಕೂತಿದ್ದ ಕುರ್ಚಿಗೂ ಅದಕ್ಕೂ ಒಂದು ಮೊಳ ದೂರ. ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ ಕಿವಿಗಳನ್ನು ಮುಟ್ಟಿ ನೋಡಿಕೊಂಡೆ. "ಡಬ್ಬಿ ಹೋತು. ಹೋಗ್ಲಿ, ಬ್ಯಾರೇದು ಹಾಕೂಣು" ಎಂದು ಚಾಚಾ ತಣ್ಣಗೆ ಹೊರಟರು. ನಾನು ಅತ್ತೆನೇ ಹೊರತು, ತಪ್ಪಾಯಿತು ಎನ್ನಲಿಲ್ಲ. ಆಮೇಲೂ ಎನ್ನಲಿಲ್ಲ.

ಅವರು ತೀರಿಕೊಂಡಾಗ ಉತ್ತರಪತ್ರಿಕೆ ತಿದ್ದಲು ಬಾಗಲಕೋಟೆಗೆ ಹೋಗಿದ್ದೆ, ಮಣ್ಣಿಗೂ ಹೋಗಲಾಗಲಿಲ್ಲ. ಪೈಪು ಹಾಕಿಸಿದ ದಿನವೇ ಸಂಜೆ ಅವರ ಹೆಂಡತಿ ಚಾಚಿಯ ಮನೆಗೆ ಹೋಗಿ, ಅವತ್ತು ನಾನು ಬೈದದ್ದನ್ನೆಲ್ಲ ಹೇಳಿಬಿಟ್ಟೆ.

ಚಾಚಿ ನನ್ನ ಕೈ ಹಿಡಿದುಕೊಂಡರು. "ಬೈದದ್ದು ಅವರು ಹೇಳೇ ಇಲ್ಲವ್ವಾ. ಅವತ್ತ ಮನೀಗೆ ಬಂದಾಗ ಕೈ ಥರಥರ ನಡಗತಿದ್ವು, ಚಾದ ಕಪ್ಪ ಹಿಡಿಯಾಕ ಆಗ್ಲಿಲ್ಲ. 'ಅಕ್ಕಾರು ಉಳಿದ್ರು, ಉಳಿದ್ರು' ಅಂತ ಅಷ್ಟ ಅಂದ್ರು."

ಆ ನಡುಕ ನನಗೆ ಕಾಣದಂತೆ ಮನೆಯವರೆಗೂ ಹೊತ್ತೊಯ್ದಿದ್ದರು... ಎದೆ ಹಗುರಾಗಿತ್ತು, ಕೇಳಬೇಕಾದವರು ಮಾತ್ರ ಇರಲಿಲ್ಲ.